ಮೆತ್ತಗಾದ ಒರೆ

ನಮ್ಮೂರಲ್ಲಿ ಯಾರ ಮನೆಯ ಬೀರು ತೆಗೆದರೂ ಕೆಳಗಿನ ಖಾನೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಅದರ ತುಂಬ ಪಿಸ್ತೂಲಿನ ಒರೆಗಳು. ಒಂದು ಸೊಂಟಕ್ಕೆ ಚುಚ್ಚಿತು, ಇನ್ನೊಂದು ಕಾರಿನಲ್ಲಿ ಕೂತರೆ ಪಕ್ಕೆಗೆ ತಿವಿಯಿತು, ಮತ್ತೊಂದು ಅಂಗಿಯ ಮೇಲೆ ಉಬ್ಬಿ ಕಂಡಿತು. ಪಿಸ್ತೂಲು ಕೊಳ್ಳುವಾಗ ಆರು ತಿಂಗಳು ಹತ್ತು ಜನರ ತಲೆ ತಿನ್ನುವ ಗಂಡಸು, ಅದನ್ನು ಹೊರುವ ಬೆಲ್ಟು ಮಾತ್ರ ಪ್ಯಾಂಟಿನ ಜೊತೆ ಬಂದದ್ದೇ ಸಾಕು ಅಂದುಕೊಳ್ಳುತ್ತಾನೆ. ಆಮೇಲೆ ನನ್ನ ಅಂಗಡಿಗೆ ಬಂದು, "ಟ್ವೈಲಾ, ಈ ಒರೆ ಸರಿಯಿಲ್ಲ" ಎಂದು ಮುಖ ಊದಿಸಿಕೊಂಡು ನಿಲ್ಲುತ್ತಾನೆ. ಒರೆ ಸರಿಯಾಗಿಯೇ ಇರುತ್ತದೆ. ಬೆಲ್ಟು ಒದ್ದೆ ಟವೆಲಿನಂತೆ ಜೋತುಬಿದ್ದಿರುತ್ತದೆ. ಇಪ್ಪತ್ತೆರಡು ವರ್ಷದಿಂದ ಓಕ್ಲಹೋಮಾದ ಈ ಗಾಳಿ ಊರಿನಲ್ಲಿ ತೊಗಲು ಹೊಲಿಯುತ್ತಿದ್ದೇನೆ, ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಕಿವಿಗೆ ಹಾಕಿಕೊಂಡವರು ಕಡಿಮೆ.

ಅಂಥ ಪೆಟ್ಟಿಗೆ ಇಲ್ಲದ ಒಬ್ಬನೇ ಮನುಷ್ಯ ನನ್ನ ಚಿಕ್ಕಪ್ಪ ವರ್ಲಿನ್. ಅವನದು ಒಂದೇ ರಿವಾಲ್ವರ್, ಒಂದೇ ಒರೆ. ನಲವತ್ತೈದು ವರ್ಷದ ಹಿಂದೆ, ಮದುವೆಗೆ ಮುಂಚೆ, ನನ್ನ ಚಿಕ್ಕಮ್ಮ ನೇಡೀನ್ ಅವನ ಹುಟ್ಟುಹಬ್ಬಕ್ಕೆ ಹೊಲಿದು ಕೊಟ್ಟದ್ದು. ಮುಂಭಾಗದಲ್ಲಿ ನಮ್ಮ ಕಡೆಯ ಕತ್ತರಿಬಾಲದ ಹಕ್ಕಿಯ ಚಿತ್ತಾರ. ಗರಿ ಗರಿಯೂ ಬೇರೆ ಬೇರೆ ಕಾಣುತ್ತದೆ, ಅಂಥ ಕೈ ಅವಳದು. ನನಗೆ ಕೆಲಸ ಕಲಿಸಿದವಳು ಅವಳೇ, ಈ ಅಂಗಡಿಯೂ ಅವಳದ್ದೇ. ಅವಳು ಹೋಗಿ ನಾಲ್ಕು ವರ್ಷವಾಯಿತು. ಅಂದಿನಿಂದ ಚಿಕ್ಕಪ್ಪ ಪ್ರತಿ ಭಾನುವಾರ ಚರ್ಚಿನಿಂದ ಬಂದು, ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಆ ಒರೆಗೆ ತೊಗಲನ್ನು ಮೆದುವಾಗಿಸುವ ಗೊರಸಿನ ಎಣ್ಣೆ ತಿಕ್ಕುತ್ತಿದ್ದ. ಮುಂಚೆ ವರ್ಷಕ್ಕೊಮ್ಮೆ ತಿಕ್ಕುತ್ತಿದ್ದವನು.

ಬೆಳಿಗ್ಗೆ ಏಳಕ್ಕೆ ನನ್ನ ಅಂಗಡಿಯ ಕಾಫಿಗೆ ಅವನು ಬರುತ್ತಾನೆ. ಐದು ನಿಮಿಷ ಬಿಟ್ಟು ಕ್ಲೆಲ್ ಯಾಂಡೆಲ್ ಬರುತ್ತಾನೆ, ಚಿಕ್ಕಪ್ಪನ ಬಾಲ್ಯದ ಗೆಳೆಯ. ಕ್ಲೆಲ್ ಎಡಚ. ಕಾಫಿ ಕಪ್ಪು, ಡಾಮಿನೋ ಕಾಯಿ, ಪಿಸ್ತೂಲು ಎಲ್ಲ ಎಡಗೈಯಲ್ಲೇ. ಹಾಗಾಗಿ ಅವನ ಒರೆ ಯಾವಾಗಲೂ ಹೇಳಿ ಮಾಡಿಸಬೇಕು. ಅಂಗಡಿಯಲ್ಲಿ ತೂಗುಹಾಕಿದ್ದು ಯಾವುದೂ ಆಗಿಬರುವುದಿಲ್ಲ. ಇಬ್ಬರೂ ಕಚ್ಚಾಡದೆ ಕಾಫಿ ಕುಡಿದ ದಿನ ನಾನು ನೋಡಿಲ್ಲ.

"ಲೋ ವರ್ಲಿನ್, ನಾನು ಆ ವರ್ಷ ಎಣ್ಣೆಬಾವಿ ಕೆಲ್ಸಕ್ಕೆ ಅಲಾಸ್ಕಾಗೆ ಹೋಗ್ದೆ ಇದ್ದಿದ್ರೆ ನೇಡೀನ್ ನಿನ್ ಕಡೆ ತಿರುಗಿ ನೋಡ್ತಿರ್ಲಿಲ್ಲ ಕಣೋ" ಎಂದು ಕ್ಲೆಲ್ ಹೇಳುತ್ತಾನೆ. ಸಾವಿರ ಸಲ ಹೇಳಿದ ಮಾತು.

"ಹೋದೆಯಲ್ಲ, ನನ್ನ ಪುಣ್ಯ" ಎಂದು ಚಿಕ್ಕಪ್ಪ ನಗುತ್ತಾನೆ. ಆದರೆ ಕಿವಿ ಕೆಂಪಾಗುತ್ತದೆ. ಅದು ಕ್ಲೆಲ್‌ಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ.

"ನಂಗೂ ಒಂದು ಒರೆ ಮಾಡ್ಕೊಡ್ತೀನಿ ಅಂದಿದ್ಲು ಕಣಮ್ಮ ಟ್ವೈಲಾ. ಆಮೇಲೆ ತೊಗಲು ಕೆಟ್ಟೋಯ್ತು ಅಂದ್ಲು. ನನ್ನ ಹಣೆಬರಹ."

"ನಿಮ್ಗೆ ನಾನೇ ಮೂರು ಮಾಡ್ಕೊಟ್ಟಿದೀನಿ, ಸುಮ್ನೆ ಕುಡೀರಿ ಯಜಮಾನ್ರೇ."

ನನ್ನ ಅಂಗಡಿಯ ಪಕ್ಕದಲ್ಲೇ ಅಂಚೆ ಕಚೇರಿ. ಅದರೊಳಗೆ ಆಯುಧ ಒಯ್ಯುವಂತಿಲ್ಲ. ಅದಕ್ಕೇ ಚಿಕ್ಕಪ್ಪ ದಿನವೂ ರಿವಾಲ್ವರ್ ತೆಗೆದು ನನ್ನ ಬೀಗದ ಡ್ರಾಯರಿನಲ್ಲಿಟ್ಟು, ಪತ್ರ ತಂದು, ಮತ್ತೆ ಸೊಂಟದ ಒರೆಗೆ ಇಳಿಸಿಕೊಂಡು ಹೋಗುತ್ತಾನೆ. ಮಾರ್ಚಿನ ಒಂದು ಬೆಳಿಗ್ಗೆ ಅವನು ಇಳಿಸಿಕೊಳ್ಳುವುದನ್ನು ನಾನು ಸರಿಯಾಗಿ ನೋಡಿದೆ. ಒಂದು ಕೈಯಲ್ಲಿ ಆಗುತ್ತಿರಲಿಲ್ಲ. ಎಡಗೈಯ ಬೆರಳಿನಿಂದ ಒರೆಯ ಬಾಯಿ ಅಗಲಿಸಿ, ತಡಕಾಡಿ ತೂರಿಸುತ್ತಿದ್ದ. ಬಾಯಿಯ ತೊಗಲು ಹಳೇ ಕಾಲುಚೀಲದಂತೆ ಒಳಗೆ ಮಡಚಿಕೊಳ್ಳುತ್ತಿತ್ತು. ಒರೆ ಎಂದರೆ ಗಟ್ಟಿಯಾಗಿರಬೇಕು, ಬಾಯಿ ತೆರೆದೇ ಇರಬೇಕು. ಮೆತ್ತಗಾದ ತೊಗಲು ಒಳಗೆ ಮಡಚಿ ಟ್ರಿಗರಿಗೆ ಸಿಕ್ಕಿಕೊಂಡರೆ, ಒತ್ತಿದ ಭಾರಕ್ಕೇ ಗುಂಡು ಹಾರಬಹುದು. ಅದೂ ಎರಡು ವರ್ಷದ ಹಿಂದೆ ಅವನ ಬೆರಳಿಗೆ ಸಂಧಿವಾತ ಬಂದಾಗ ಟ್ರಿಗರು ಹಗುರ ಮಾಡಿಸಿಕೊಟ್ಟವಳು ನಾನೇ.

ಮಾರನೆಯ ದಿನ ಕ್ಲೆಲ್ ಬರುವ ಮುಂಚೆಯೇ ಹೇಳಿಬಿಟ್ಟೆ. "ಚಿಕ್ಕಪ್ಪ, ಆ ಒರೆ ಇನ್ನು ಸಾಕು."

"ಏನಾಗಿದೆ ಅದಕ್ಕೆ? ಬೆಣ್ಣೆ ಥರ ಇದೆ."

"ಅದೇ ತೊಂದ್ರೆ. ಬೆಣ್ಣೆ ಥರ ಇರ್ಬಾರ್ದು. ನೀನು ವಾರ ವಾರ ಎಣ್ಣೆ ಕುಡಿಸಿ ಕುಡಿಸಿ ಅದನ್ನ ಹಾಳ್ ಮಾಡಿದೀಯ."

ಹೀಗೆ ಹೇಳಬಾರದಿತ್ತು. ನನ್ನ ನಾಲಿಗೆಯೇ ಹಾಗೆ, ಮೊದಲು ಓಡುತ್ತದೆ.

"ನಾನು ಹಾಳ್ ಮಾಡ್ದೆನಾ?" ಅವನ ದನಿ ಏರಿತು. "ನೇಡೀನ್ ಕೈಯಾರೆ ಹೊಲ್ದಿದ್ದು ಕಣೆ ಇದು! ಜೋಪಾನ ಮಾಡಿದ್ದು ತಪ್ಪಾ? ನಿನ್ನ ಹೊಸ ಸರಕು ನಂಗೆ ಮಾರ್ಬೇಡ."

ನನಗೂ ಸಿಟ್ಟು ಬಂತು. ಜಗಳಕ್ಕೆ ಹೋಗಲಿಲ್ಲ. "ಗುಂಡು ಖಾಲಿ ಮಾಡು" ಎಂದೆ.

ಖಾಲಿ ಮಾಡಿದ. ಐದೂ ಗುಂಡು ಮೇಜಿನ ಮೇಲೆ ನಿಲ್ಲಿಸಿದ. ಐದೇ ಗುಂಡು ಹಿಡಿಯುವ ರಿವಾಲ್ವರ್ ಅದು; ಒಳಗೆ ಏನೂ ಉಳಿದಿಲ್ಲವೆಂದು ನಾನೂ ನೋಡಿದೆ, ಅವನೂ ನೋಡಿದ. "ಈಗ ದಿನಾ ಇಳಿಸ್ದಂಗೆ ಇಳಿಸು. ಎಡಗೈ ತರ್ಬೇಡ."

ಅವನು ನನ್ನ ಮುಖವನ್ನೇ ದುರುಗುಟ್ಟಿ ನೋಡುತ್ತ ಇಳಿಸಿದ. ಸಿಕ್ಕಿಕೊಂಡಿತು. ಒತ್ತಿದ. ಗುಂಡಿಗೆ ಬಡಿಯುವ ಹಿಂದಿನ ಕೊಕ್ಕೆ ಮೆಲ್ಲಗೆ ಏಳುವುದನ್ನು ನಾನು ನೋಡಿದೆ. ಆಮೇಲೆ ಟಕ್ ಎಂದು ಬಡಿಯಿತು.

ಸಣ್ಣ ಸದ್ದು. ಡಾಮಿನೋ ಕಾಯಿ ಮೇಜಿಗಿಟ್ಟಷ್ಟೇ. ಚಿಕ್ಕಪ್ಪ ತನ್ನ ತೊಡೆಯನ್ನು ನೋಡಿಕೊಂಡ. ಮೇಜಿನ ಮೇಲಿನ ಗುಂಡುಗಳನ್ನು ನೋಡಿದ. ರಿವಾಲ್ವರನ್ನು ನನ್ನ ಡ್ರಾಯರಿನಲ್ಲಿಟ್ಟು, ಖಾಲಿ ಒರೆ ಸೊಂಟದಲ್ಲೇ ಇಟ್ಟುಕೊಂಡು ಟ್ರಕ್ಕು ಹತ್ತಿದ.

ಮೂರು ದಿನ ಬರಲಿಲ್ಲ. ಕ್ಲೆಲ್ ಒಬ್ಬನೇ ಕೂತು, ಬೈಯಲು ಯಾರೂ ಇಲ್ಲದೆ, ಕಾಫಿಯನ್ನು ಬೈದ. ನೇಡೀನ್ ಚಿಕ್ಕಮ್ಮನ ನೆನಪಿಗೆ ಅವನ ಬಳಿ ಉಳಿದದ್ದು ಅದೊಂದು, ಅದನ್ನೂ ಅವನಿಂದ ಕಿತ್ತುಕೊಂಡೆನಲ್ಲ ಎಂದು ನನಗೆ ಸಂಕಟವಾಯಿತು. ಸುಮ್ಮನಿದ್ದಿದ್ದರೆ ಒಂದಲ್ಲ ಒಂದು ದಿನ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂರಬೇಕಾಗುತ್ತಿತ್ತು ಎಂದೂ ಗೊತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಬಂದು ಒರೆಯನ್ನು ಮೇಜಿನ ಮೇಲಿಟ್ಟ. "ಬೇರೆ ದಾರಿ ಏನಾದ್ರೂ ಇದ್ಯಾ, ಮಗಳೇ?"

"ಇದೆ. ಆದ್ರೆ ಚಿಕ್ಕಮ್ಮನ ಹೊಲಿಗೆ ಬಿಚ್ಬೇಕು. ಹಕ್ಕಿ ಇರೋ ಮುಂಭಾಗ ಉಳಿಸ್ಕೊಂಡು, ಒಳಗೆ ಗಟ್ಟಿ ತೊಗಲಿಂದು ಹೊಸ ಒರೆ ಮಾಡಿ, ಬಾಯಿಗೆ ಉಕ್ಕಿನ ಪಟ್ಟಿ ಸೇರಿಸಿ, ಮೇಲೆ ಹಕ್ಕೀನ ಹೊಲೀತೀನಿ."

ಅವನು ತುಂಬ ಹೊತ್ತು ಹೆಬ್ಬೆರಳಿನಿಂದ ಹೊಲಿಗೆ ಸವರುತ್ತ ಕೂತ. ಇಂಚಿಗೆ ಎಂಟು ಹೊಲಿಗೆ, ಒಂದೂ ಸೊಟ್ಟವಿಲ್ಲ. "ಬಿಚ್ಚು" ಎಂದ. "ನಾನು ಇಲ್ಲೇ ಕೂತಿರ್ತೀನಿ."

ಮೇಣದ ದಾರ ಒಂದೊಂದಾಗಿ ಕತ್ತರಿಸಿದೆ. ಅಂಚು ಬಿಚ್ಚಿ, ಒರೆ ತಿರುಗಿಸಿ, ಬೆಲ್ಟು ತೂರುವ ಅಗಲ ಪಟ್ಟಿಯನ್ನು ಬೆನ್ನಿನಿಂದ ಎಬ್ಬಿಸಿದೆ. ಅದರ ಅಡಿಯಲ್ಲಿ ತೊಗಲು ಹೊಸದರ ಹಾಗೆ ತಿಳಿಬಣ್ಣಕ್ಕಿತ್ತು. ನಲವತ್ತೈದು ವರ್ಷ ಬಿಸಿಲು ಕಂಡಿರಲಿಲ್ಲ. ಅಲ್ಲಿ ಎರಡು ಇಂಗ್ಲಿಷ್ ಅಕ್ಷರ ಕೆತ್ತಲಾಗಿತ್ತು, ಸುತ್ತ ಬಳ್ಳಿ ಅರ್ಧಕ್ಕೆ ನಿಂತಿತ್ತು. ಸಿ. ವೈ.

"ಇದೇನಿದು?" ಎಂದ ಚಿಕ್ಕಪ್ಪ, ಕನ್ನಡಕ ಏರಿಸಿಕೊಂಡು.

ನನಗೆ ತಕ್ಷಣ ಹೊಳೆಯಿತು, ಹೊಟ್ಟೆಯಲ್ಲಿ ನಗು ಎದ್ದಿತು. ಈ ಒರೆ ಒಂದೇ ತುಂಡನ್ನು ನಡುವೆ ಮಡಚಿ ಹೊಲಿದದ್ದು. ಎಡಗೈಯವನಿಗೆ ಮುಂಭಾಗವಾಗುವ ಅರ್ಧ, ಬಲಗೈಯವನಿಗೆ ಬೆನ್ನಾಗುತ್ತದೆ. ಚಿಕ್ಕಮ್ಮ ಇದನ್ನು ಮೊದಲು ಒಬ್ಬ ಎಡಚನಿಗೆ ಕತ್ತರಿಸಿದ್ದಳು, ಅವನ ಹೆಸರಿನ ಅಕ್ಷರವನ್ನೂ ಕೆತ್ತಿದ್ದಳು. ಆಮೇಲೆ ನಡುವೆ ಕೈಬಿಟ್ಟು, ಇನ್ನೊಂದು ಅರ್ಧಕ್ಕೆ ಹಕ್ಕಿ ಬಿಡಿಸಿ, ಅಕ್ಷರದ ಮೇಲೆ ಬೆಲ್ಟಿನ ಪಟ್ಟಿ ಹೊಲಿದು ಮುಚ್ಚಿದ್ದಳು.

"ಕ್ಲೆಲ್ ಯಾಂಡೆಲ್" ಎಂದೆ. "ಇದು ಕ್ಲೆಲ್‌ದಾಗ್ಬೇಕಿತ್ತು ಚಿಕ್ಕಪ್ಪ. ತೊಗಲು ಕೆಟ್ಟೋಯ್ತು ಅಂತ ಅವ್ನಿಗೆ ಹೇಳಿದ್ಲಲ್ಲ, ಆ ತೊಗಲು ಇದೇ."

ಅವರಿಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಮಾದರಿಯ ರಿವಾಲ್ವರ್ ಕೊಂಡವರು, ಅಳತೆಗೆ ಅಡ್ಡಿಯಿರಲಿಲ್ಲ.

"ನನ್ನ ಹುಟ್ಟುಹಬ್ಬ ಮೇ ತಿಂಗ್ಳು" ಎಂದ ನಿಧಾನವಾಗಿ. "ಆಗ್ಲೇ ಕೊಟ್ಟಿದ್ದು. ಕ್ಲೆಲ್ ಅಲಾಸ್ಕಾಗೆ ಹೋಗಿದ್ದು ಅಕ್ಟೋಬರ್‌ನಲ್ಲಿ. ಆ ಬೇಸಿಗೆ ಪೂರ್ತಿ ಅವ್ನು ಇಲ್ಲೇ ಇದ್ದ, ಅವ್ಳ ಮನೆ ಬಾಗ್ಲಲ್ಲೇ ಇದ್ದ."

"ಹೌದು."

"ಅಂದ್ರೆ ಅವ್ನು ಹೋದ ಅಂತ ನನ್ ಕಡೆ ತಿರುಗಿದ್ದಲ್ಲ ಅವ್ಳು."

"ಅಲ್ಲ ಚಿಕ್ಕಪ್ಪ. ಅವ್ನು ಕಣ್ಮುಂದೆ ಇರೋವಾಗ್ಲೇ ಅವ್ನ ಒರೆ ಕಿತ್ತು ನಿಂಗೆ ಹೊಲಿದ್ಲು."

ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ನಲವತ್ತೈದು ವರ್ಷ, ಅವ್ನು ಹೋದ್ಮೇಲೆ ಮಿಕ್ಕಿದ್ದು ನಾನು ಅಂತ ತಿಳ್ಕೊಂಡಿದ್ದೆ ಕಣೆ" ಎಂದ. "ಒಂದಿನ ಕೇಳ್ಬೋದಿತ್ತು. ಕೇಳೋಕೆ ಭಯ. ಅವ್ಳಾದ್ರೂ ಹೇಳ್ಬೋದಿತ್ತಲ್ಲ!" ಆಮೇಲೆ ನಗತೊಡಗಿದ. ಕಣ್ಣಲ್ಲಿ ನೀರು ಬರುವಷ್ಟು, ಕೆಮ್ಮು ಹತ್ತುವಷ್ಟು ನಕ್ಕ. "ದಿನಾ ಬೆಳಗ್ಗೆ ಅವ್ನ ಪಕ್ಕಾನೇ ಕೂರ್ತಿದ್ದೆ, ಇದನ್ನ ಸೊಂಟದಲ್ಲಿಟ್ಕೊಂಡು! ಅವ್ಳು ನಮ್ಮಿಬ್ರಿಗೂ ಕಾಫಿ ಬಗ್ಗಿಸ್ತಿದ್ಲು, ತುಟಿ ಪಿಟಕ್ ಅನ್ಲಿಲ್ಲ." ನಾನೂ ನಗುತ್ತಲೇ ಅತ್ತುಬಿಟ್ಟೆ.

ಹಕ್ಕಿಯ ತುಂಡನ್ನು ಜೋಳದ ಹಿಟ್ಟಿನಲ್ಲಿ ಹೂತಿಟ್ಟು, ದಿನವೂ ಹಿಟ್ಟು ಬದಲಿಸಿ, ಒಂದು ವಾರ ಎಣ್ಣೆ ಹೀರಿಸಿದೆ. ಕುದುರೆ ತೊಗಲಿನ ಗಟ್ಟಿ ಒರೆ ಮಾಡಿದೆ. ಚಿಕ್ಕಮ್ಮನ ಹಳೇ ತೂತುಗಳಲ್ಲೇ ಹೊಸ ದಾರ ಹಾಯಿಸಿದೆ. ಅಕ್ಷರದ ತುಂಡನ್ನು ಏನು ಮಾಡಲಿ ಎಂದರೆ, "ಅವ್ಳು ಎಲ್ಲಿಟ್ಟಿದ್ಲೋ ಅಲ್ಲೇ ಇಡು" ಎಂದ. ತೆಳ್ಳಗೆ ಹೆರೆದು, ಬೆಲ್ಟಿನ ಪಟ್ಟಿಯ ಅಡಿಯಲ್ಲಿ ಹೊಲಿದು ಮುಚ್ಚಿದೆ.

ಕೊಡುವ ದಿನ ಖಾಲಿ ರಿವಾಲ್ವರಿನಲ್ಲಿ ಐವತ್ತು ಸಲ ಇಳಿಸಿ ತೆಗೆಸಿದೆ. ಬಾಯಿ ತೆರೆದೇ ನಿಂತಿತು. ಒಂದೇ ಕೈ, ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ.

"ರಾತ್ರಿ ಒರೆಯಿಂದ ತೆಗ್ದು ಬೇರೆ ಇಡು, ತೊಗಲಲ್ಲೇ ಬಿಟ್ರೆ ತುಕ್ಕು ಹಿಡಿಯತ್ತೆ. ಬೆವರು ಒಣ ಬಟ್ಟೇಲಿ ಒರೆಸು. ಎಣ್ಣೆ ಮುಟ್ಟಿಸ್ಬೇಡ."

"ಮತ್ತೆ ಭಾನುವಾರ ಏನ್ ಮಾಡ್ಲಿ?" ಅವನು ತಮಾಷೆಗೆ ಕೇಳಲಿಲ್ಲ.

ಗೋಡೆಯ ಮೇಲೆ ಚಿಕ್ಕಮ್ಮನ ಕುದುರೆ ಜೀನು ನಾಲ್ಕು ವರ್ಷದಿಂದ ಧೂಳು ತಿನ್ನುತ್ತ, ಅಂಚು ಬಿರಿದು ತೂಗುತ್ತಿತ್ತು. ಅದನ್ನು ತೋರಿಸಿದೆ. "ಜೀನಿಗೆ ಎಣ್ಣೆ ಬೇಕು. ಎಷ್ಟು ಬೇಕಾದ್ರೂ ಕುಡಿಯತ್ತೆ."

ಮರುದಿನ ಬೆಳಿಗ್ಗೆ ಕ್ಲೆಲ್ ಬಂದವನೇ ಚಿಕ್ಕಪ್ಪನ ಸೊಂಟಕ್ಕೆ ಕಣ್ಣು ಹಾಯಿಸಿದ. "ಹೊಸ ಥರ ಹೊಳೀತಿದೆ. ಆ ಹಕ್ಕಿ ನೋಡು! ನಾನು ಅಲಾಸ್ಕಾಗೆ ಹೋಗ್ದೆ ಇದ್ದಿದ್ರೆ ಅದು ನನ್ನ ಸೊಂಟದಲ್ಲಿರ್ತಿತ್ತು ಕಣೋ. ನನ್ನ ತೊಗಲು ಕೆಟ್ಟೋಯ್ತಲ್ಲ."

ನಾನು ಚಿಕ್ಕಪ್ಪನ ಕಿವಿ ನೋಡಿದೆ. ಕೆಂಪಾಗಲಿಲ್ಲ.

"ಹೌದು ಪಾಪ, ಕೆಟ್ಟೋಯ್ತು" ಎಂದು ಅವನು ಎದ್ದು, ಪಾತ್ರೆ ಎತ್ತಿ, ಕ್ಲೆಲ್‌ನ ಕಪ್ಪಿಗೆ ತಾನೇ ಕಾಫಿ ಬಗ್ಗಿಸಿದ.