ಸಾಯಬೇಕಿದ್ದ ಕರು

ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಸಾಯಬೇಕಿದ್ದ ಕರು ಖಾಲಿ ಬಕೆಟ್ಟಿಗೆ ಮೂತಿ ಹಾಕಿ ನೆಕ್ಕುತ್ತ ನಿಂತಿತ್ತು.

ಡಾಕ್ಟರಮ್ಮ ಥರ್ಮಾಮೀಟರ್ ಇಟ್ಟು ನೋಡಿದರು. ಜ್ವರವಿಲ್ಲ. ಗಂಟಲು ಒತ್ತಿದರು. ಊತವಿಲ್ಲ. ಕರು ಅವರ ಕೋಟಿನ ತೋಳು ಚೀಪತೊಡಗಿತು.

"ನಮ್ಮ ಸಾಹುಕಾರ ಗಟ್ಟಿ ಪಿಂಡ ಮೇಡಂ," ಎಂದ ಲಸಿಕೆ ಕೇಂದ್ರದ ಕೊಟ್ಟಿಗೆಯ ಆಳು. ಮೈ ಮಿರುಗುತ್ತದೆಂದು ಆ ಹೆಸರಿಟ್ಟವನು ಅವನೇ.

"ಹಲ್ಲು ಕಿರೀಬೇಡ. ಪರೀಕ್ಷೆ ಮಣ್ಣುಪಾಲಾಯ್ತು."

ಪರೀಕ್ಷಿಸುತ್ತಿದ್ದದ್ದು ಗಳಲೆ ರೋಗದ ಲಸಿಕೆಯ ಈ ವರ್ಷದ ಹೊಸ ಬ್ಯಾಚನ್ನು. ಗಂಟಲು ಊದಿಸಿ ಒಂದೆರಡು ದಿನದಲ್ಲಿ ಎಮ್ಮೆಯ ಉಸಿರು ಕಟ್ಟಿಸುವ ಈ ರೋಗ ಮಳೆಯ ಜೊತೆ ಬಂದು ಕೊಟ್ಟಿಗೆಗಳನ್ನು ಖಾಲಿ ಮಾಡುತ್ತದೆ. ಪರೀಕ್ಷೆಯ ನಿಯಮ ಸರಳ. ಐದು ಎಮ್ಮೆ ಕರುಗಳಲ್ಲಿ ಮೂರಕ್ಕೆ ಲಸಿಕೆ, ಎರಡಕ್ಕೆ ಇಲ್ಲ. ಕೆಲವು ವಾರ ಬಿಟ್ಟು ಐದಕ್ಕೂ ರೋಗಾಣು ಚುಚ್ಚುವುದು. ಮೂರು ಬದುಕಬೇಕು, ಎರಡು ಸಾಯಬೇಕು. ಆ ಎರಡರಲ್ಲಿ ಒಂದು ಬದುಕಿದರೂ, ಉಳಿದ ಮೂರು ಲಸಿಕೆಯಿಂದ ಉಳಿದವೋ, ಚುಚ್ಚಿದ ರೋಗಾಣುವೇ ಸಪ್ಪೆಯಾಗಿತ್ತೋ ಹೇಳಲಾಗದು. ಲಸಿಕೆ ಫ್ರಿಜ್ಜಿನಲ್ಲೇ ಕೂರುತ್ತದೆ. ಮಳೆ ಕೂರುವುದಿಲ್ಲ.

ಲಸಿಕೆಯಿಲ್ಲದ ಇನ್ನೊಂದು ಕರು ಹಿಂದಿನ ಸಂಜೆಯೇ ಸತ್ತಿತ್ತು.

"ಇದು ನಿಮ್ಮಕ್ಕನ ಮನೇದಲ್ವಾ?"

"ಹೌದು. ನೀವೇ ಫೋನಲ್ಲಿ ಕೇಳಿದ್ರಲ್ಲ, ಕರುಗೆ ಯಾವತ್ತಾದ್ರೂ ಲಸಿಕೆ ಹಾಕ್ಸಿದ್ದೀರಾ ಅಂತ. ಇಲ್ಲ ಅಂದ್ಲು."

ಕೇಳಿದ್ದು ನಿಜ. ಕರು ಬಂದ ದಿನ ಅದರ ರಕ್ತವನ್ನೂ ಪರೀಕ್ಷಿಸಬೇಕಿತ್ತು. ಫಲಿತಾಂಶಕ್ಕೆ ಕಾದರೆ ತಡವಾಗುತ್ತದೆ, ಅಕ್ಕನ ಬಾಯಿಮಾತೇ ಸಾಕೆಂದು ಮುಂದುವರಿದವರೂ ಡಾಕ್ಟರಮ್ಮನೇ.

"ಅವರಿಗೆ ಫೋನ್ ಮಾಡು. ಸ್ಪೀಕರ್ ಹಾಕು."

ಅಕ್ಕ ಹಾಲು ಕರೆಯುತ್ತಿದ್ದಳು. ಪಾತ್ರೆಗೆ ಹಾಲು ಬೀಳುವ ಸದ್ದು ಕೇಳಿಸಿತು.

"ಏನೋ? ಹೋಯ್ತಾ ಕರು?"

"ಇಲ್ಲ ಕಣೆ, ಬದುಕಿದೆ."

ಹಾಲಿನ ಸದ್ದು ನಿಂತಿತು. ಮೂಗೆಳೆದುಕೊಂಡದ್ದು ಕೇಳಿಸಿತು.

ಡಾಕ್ಟರಮ್ಮ ಫೋನಿನತ್ತ ಬಾಗಿದರು. "ಅಮ್ಮಾ, ಇದರ ತಾಯಿಗೆ ಲಸಿಕೆ ಹಾಕ್ಸಿದ್ರಾ?"

"ಹಾಕಿಸ್ದೆ ಇರ್ತೀನಾ? ಗಬ್ಬ ಇದ್ದಾಗ್ಲೇ ಹಾಕಿಸ್ದೆ. ನಾನೇನು ನನ್ನ ತಮ್ಮನ ಹಾಗೆ ಮೈಗಳ್ಳಿನಾ?"

"ಕರುಗೆ ಗಿಣ್ಣದ ಹಾಲು ಬಿಟ್ರಾ?"

"ಗಂಡು ಕರು ಅಂದ್ರೆ ಬೇರೆಯವ್ರು ಎಳೆದು ಕಟ್ಟಿಬಿಡ್ತಾರೆ. ನಾನು ಹೊಟ್ಟೆ ತುಂಬ ಕುಡಿಯೋಕೆ ಬಿಟ್ಟೆ. ಯಾಕಮ್ಮಾ, ತಪ್ಪಾಯ್ತಾ?"

ತಾಯಿಗೆ ಲಸಿಕೆಯಿಂದ ಬಂದ ರೋಗ ತಡೆಯುವ ಶಕ್ತಿ ಗಿಣ್ಣದ ಹಾಲಿನ ಮೂಲಕ ಕರುವಿನ ಮೈ ಸೇರಿತ್ತು. ಡಾಕ್ಟರಮ್ಮನಿಗೆ ಗೊತ್ತಿಲ್ಲದ ವಿಷಯವಲ್ಲ.

"ನಿಮ್ಮ ತಪ್ಪಲ್ಲ. ಕರು ವಿಷ್ಯ ಕೇಳಿ ತಾಯಿ ವಿಷ್ಯ ಬಿಟ್ಟೋಳು ನಾನು."

"ಹಾಗಾದ್ರೆ ನನ್ನ ಕರು ವಾಪಸ್ ಕೊಡ್ತೀರಾ?"

"ಆಗಲ್ಲಮ್ಮ. ರೋಗಾಣು ಹೊಕ್ಕ ಮೈ. ನಿಮ್ಮ ಎಮ್ಮೆಗಳಿಗೆ ಹರಡುತ್ತೆ."

ಅಕ್ಕ ಫೋನ್ ಇಟ್ಟಳು.

ಡಾಕ್ಟರಮ್ಮ ನಲ್ಲಿಯಡಿ ಬಹಳ ಹೊತ್ತು ಕೈ ತೊಳೆದರು. ಮತ್ತೆ ಲಸಿಕೆ ಹಾಕಿ, ಕಾದು, ರೋಗಾಣು ಚುಚ್ಚುವಷ್ಟರಲ್ಲಿ ಮಳೆ ಬಂದೇಬಿಡುತ್ತದೆ. ಈ ವರ್ಷದ ಎಮ್ಮೆಗಳ ಪಾಲಿಗೆ ಲಸಿಕೆ ಇಲ್ಲ.

"ಇನ್ನೈದು ಕರು ಬೇಕು. ಈ ಸಲ ರಕ್ತ ನೋಡ್ದೆ ಶುರು ಮಾಡಲ್ಲ."

"ಎಂಥ ಮನೇಲಿ ಹುಡುಕ್ಲಿ?"

"ಎಮ್ಮೆಗೆ ಲಸಿಕೆ ಹಾಕ್ಸದ ಮನೇಲಿ."

ಅವನು ಬಕೆಟ್ಟಿಗೆ ನೀರು ತುಂಬಿ ಸಾಹುಕಾರನ ಮುಂದಿಟ್ಟ. ಅದು ಕುಡಿದು ಮುಗಿಸುವವರೆಗೂ ನಿಂತಿದ್ದ.

"ನಮ್ಮನೇಲೇ ಒಂದಿದೆ ಮೇಡಂ. ಅದರ ತಾಯಿಗೆ ನಾನು ಏನೂ ಹಾಕ್ಸಿಲ್ಲ."

"ಗಂಡೋ ಹೆಣ್ಣೋ?"

"ಗಂಡು."

"ಹೆಸರಿಟ್ಟಿದ್ದೀಯಾ?"

"ಇನ್ನೂ ಇಲ್ಲ."

"ಇಡಬೇಡ," ಎಂದರು ಡಾಕ್ಟರಮ್ಮ.