ತೂಕದ ಸಾಹೇಬರ ರಕ್ತಪರೀಕ್ಷೆ

“ಇದಲ್ಲ, ಇದೂ ಅಲ್ಲ, ಫೋಟೋ ಇರೋ ಕಾರ್ಡೇ ಬೇಕಂತೆ,” ಎನ್ನುತ್ತ ಮಗಳು ಅಪ್ಪನ ಕಪಾಟಿನಿಂದ ಮೂರನೇ ಕಡತವನ್ನೂ ಎಳೆದು ಮಂಚದ ಮೇಲೆ ಸುರಿದಳು.

ಹೊರಗಿನ ಕೋಣೆಯಲ್ಲಿ ಅಪ್ಪ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದರು. ಹನ್ನೊಂದಕ್ಕೆ ವ್ಯಾನು ಬರಬೇಕು. ಗುರುತಿನ ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲವೆಂದು ಚಿತಾಗಾರದ ಗುಮಾಸ್ತ ಬೆಳಿಗ್ಗೆಯಿಂದ ಎರಡು ಸಲ ಫೋನು ಮಾಡಿದ್ದ. ಮೂವತ್ತೆರಡು ವರ್ಷ ಊರಿನ ಅಂಗಡಿಯವರನ್ನೆಲ್ಲ ಕಾಗದ ತೋರಿಸಿ, ಕಾಗದ ತೋರಿಸಿ ಎಂದು ಪೀಡಿಸಿದ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಿಗೆ ಸತ್ತ ಮೇಲೆ ತಮ್ಮದೇ ಒಂದು ಕಾಗದ ಸಿಗುತ್ತಿರಲಿಲ್ಲ. ಹಾಳಾಗಿ ಹೋದ ಮಿಕ್ಸಿಯ ಗ್ಯಾರಂಟಿ ಕಾರ್ಡು ಸಿಕ್ಕಿತು. ಅದರ ಹಿಂದಿನ ಮಿಕ್ಸಿಯದೂ ಸಿಕ್ಕಿತು.

“ಹಾಗೆ ಚೆಲ್ಲಾಪಿಲ್ಲಿ ಮಾಡಬೇಡ ಕಣೇ,” ಬಾಗಿಲಲ್ಲಿ ಕೂತಿದ್ದ ಅತ್ತೆ, ಅಪ್ಪನ ಅಕ್ಕ, ಮೂಗು ಒರೆಸಿಕೊಂಡರು. “ಅವನು ನೋಡಿದ್ರೆ ಬೇಜಾರು ಮಾಡ್ಕೋತಾನೆ.”

“ಮಾಡ್ಕೊಳ್ಳಲಿ ಅತ್ತೆ. ನಾನೂ ಎಂಟು ತಿಂಗಳು ಮಾಡ್ಕೊಂಡಿಲ್ವಾ?”

ಅಷ್ಟರಲ್ಲಿ ಎದುರುಮನೆಯ ಡ್ರೈವರ್ ಮಾವ ಇಣುಕಿದರು. ಬಸ್ಸು ಓಡಿಸಿ ನಿವೃತ್ತರಾದ ಆಸಾಮಿ, ಅಪ್ಪನ ಮೂವತ್ತು ವರ್ಷದ ಗೆಳೆಯ. ಕಾಯಿಲೆಯ ಈ ಎಂಟು ತಿಂಗಳು ಅಪ್ಪನಿಗೆ ಕೈಕಾಲು ಎರಡೂ ಅವರೇ.

“ಪುಟ್ಟಿ, ಒಂದು ಮಾತು...”

“ಕುರ್ಚಿ ಸಾಲಲ್ವಾ ಮಾವ? ಮೇಲಿನ ಮನೆಯವರನ್ನ ಕೇಳಿ.”

“ಕುರ್ಚಿ ವಿಷಯ ಅಲ್ಲಮ್ಮ.”

“ಟೀ ಆದ್ರೆ ಸ್ಟವ್ ಮೇಲಿದೆ.”

ಅವರು ಟೀ ಮುಟ್ಟದೆಯೇ ಹೊರಟುಹೋದರು. ಕಾರ್ಡು ಕೊನೆಗೆ ಸಿಕ್ಕಿದ್ದು ಆಸ್ಪತ್ರೆಯ ಕಾಗದಗಳ ನಡುವೆ. ಅದರ ಹಿಂದೆಯೇ, ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನವಾಗಿ, ಆ ಹಾಳು ರಿಪೋರ್ಟು. ಅಪ್ಪನ ಹೆಸರು, ಅಪ್ಪನ ವಯಸ್ಸು, ಕೆಳಗೆ ಸಾಲುಸಾಲು ಸಂಖ್ಯೆ. ಎಲ್ಲ ನಾರ್ಮಲ್. ಅವಳು ಅದನ್ನು ಬೋರಲಾಗಿ ಮಂಚದ ಮೇಲೆ ಒಗೆದಳು.

*

ಆ ದಿನಗಳಲ್ಲಿ ಅವಳ ಆರೈಕೆಯೆಲ್ಲ ನಡೆಯುತ್ತಿದ್ದುದು ಹೋಟೆಲೊಂದರ ನೆಲಮಾಳಿಗೆಯಿಂದ. ರೈಲಿನಲ್ಲಿ ಒಂದೂವರೆ ದಿನ ದೂರದ ಊರಿನಲ್ಲಿ, ಇನ್ನೂರು ಕೋಣೆಗಳ ಹೋಟೆಲಿನ ಬಟ್ಟೆ ಒಗೆಯುವ ವಿಭಾಗಕ್ಕೆ ಅವಳು ಮೇಲ್ವಿಚಾರಕಿ. ಯಂತ್ರಗಳ ಗದ್ದಲದಲ್ಲಿ ಏನೂ ಕೇಳಿಸದು. ಆದ್ದರಿಂದ ಫೋನು ಬಂದರೆ ಹಾಸುಹೊದಿಕೆಗಳ ಉಗ್ರಾಣಕ್ಕೆ ಓಡಿ, ಬಾಗಿಲು ಹಾಕಿಕೊಂಡು, ಮಡಿಸಿಟ್ಟ ಬಿಳಿ ಹಾಸುಗಳ ನಡುವೆ ನಿಂತು ಕೂಗುತ್ತಿದ್ದಳು. ಅಮ್ಮ ತೀರಿಕೊಂಡು ಆರು ವರ್ಷ. ಅಪ್ಪನನ್ನು ಕೂಗಿ ಗದರಿಸಲು ಬೇರೆ ಯಾರೂ ಇರಲಿಲ್ಲ.

“ಅಪ್ಪಾ, ಮುಖ ತೋರಿಸು ಅಂದ್ರೆ ಫ್ಯಾನ್ ತೋರಿಸ್ತಿದೀಯಲ್ಲ.”

“ಸದ್ದು ಮಾಡ್ತಿದೆ ಕಣಮ್ಮ ಇದು. ಕೇಳಿಸ್ತಾ?”

“ಬಿ.ಪಿ. ಎಷ್ಟು ಬಂತು ಹೇಳು.”

“ನೀನು ಕಳಿಸಿದ ಮೆಷಿನ್ ಮೇಲೆ ಇಲಾಖೆ ಮುದ್ರೆನೇ ಇಲ್ಲ. ಮುದ್ರೆ ಇಲ್ಲದ್ದು ಹೇಳಿದ್ದನ್ನ ನಾನು ಯಾವ ಬಾಯಲ್ಲಿ ಹೇಳಲಿ?”

ಅಪ್ಪ ಮೊಸರಿನಲ್ಲಿ ಕಲ್ಲು ಹುಡುಕುವವರು, ಅದು ಹಳೆಯ ಸಂಗತಿ. ಆದರೆ ಈ ಸಲ ಸುಸ್ತು ಎನ್ನುತ್ತಿದ್ದರು. ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರುತ್ತಿತ್ತು. ಬೇಡಿಕೊಂಡು, ಗದರಿಸಿ, ಆಣೆ ಹಾಕಿಸಿ ಆಸ್ಪತ್ರೆಗೆ ಕಳಿಸಿದರೆ ಅರ್ಧ ಗಂಟೆಯಲ್ಲಿ ನರ್ಸಿನ ಫೋನು. “ಮೇಡಂ, ನಿಮ್ಮ ತಂದೆ ತೂಕದ ಮೆಷಿನ್ ಹತ್ತೋಕೆ ಒಪ್ತಿಲ್ಲ. ಚೀಲದಿಂದ ಐದು ಕೆ.ಜಿ. ತೂಕದ ಕಲ್ಲು ತೆಗೆದು ಅದರ ಮೇಲಿಟ್ಟು, ಇನ್ನೂರು ಗ್ರಾಂ ಜಾಸ್ತಿ ತೋರಿಸ್ತಿದೆ, ನೋಟೀಸ್ ಕೊಡ್ತೀನಿ ಅಂತ ಕೂತಿದಾರೆ.”

“ನಿವೃತ್ತಿ ಆಗಿ ಒಂಬತ್ತು ವರ್ಷ ಆಯ್ತಲ್ಲ ಅಪ್ಪಾ, ಯಾವ ನೋಟೀಸ್ ಕೊಡ್ತೀಯ?” ಎಂದು ಅವಳು ಕಿರುಚಿದ್ದಕ್ಕೆ ಉಗ್ರಾಣದ ಹೊರಗೆ ಇಸ್ತ್ರಿ ಮಾಡುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿ ನೋಡಿದ್ದರು.

ಡಾಕ್ಟರು ರಕ್ತಪರೀಕ್ಷೆಗೆ ಬರೆದುಕೊಟ್ಟರು. ಅವಳೇ ಕೂತಲ್ಲಿಂದ ಲ್ಯಾಬು ಗೊತ್ತು ಮಾಡಿ, ರಿಪೋರ್ಟು ತನ್ನ ಫೋನಿಗೇ ಬರುವಂತೆ ಏರ್ಪಾಡು ಮಾಡಿದಳು. ಅಪ್ಪನ ಕೈಗೆ ಕೊಟ್ಟರೆ ಅದಕ್ಕೂ ಮುದ್ರೆ ಕೇಳಿಯಾರು. ದೊಡ್ಡ ಡಾಕ್ಟರೊಬ್ಬರನ್ನು ಮುಂದಿನ ವಾರಕ್ಕೆ ನಿಗದಿ ಮಾಡಿ, ರಜೆ ಹಾಕಿ, ರೈಲಿನ ಟಿಕೆಟ್ಟನ್ನೂ ತೆಗೆಸಿದ್ದಳು.

ರಿಪೋರ್ಟು ಬಂತು. ಎಲ್ಲ ನಾರ್ಮಲ್. ಅವಳು ಹಾಸುಗಳ ಮೇಲೆ ದೊಪ್ಪನೆ ಕೂತು, ಕಣ್ಣೊರೆಸಿಕೊಂಡು, ಜೋರಾಗಿ ನಕ್ಕು, ಅಪ್ಪನಿಗೆ ಫೋನು ಮಾಡಿದಳು. “ನಿನಗೇನೂ ಇಲ್ಲ ಅಪ್ಪಾ, ಬರೀ ಸೋಮಾರಿತನ! ನಾಳೆಯಿಂದ ದಿನಾ ಒಂದು ಗಂಟೆ ವಾಕಿಂಗ್ ಹೋಗಬೇಕು.” ಡಾಕ್ಟರ ಭೇಟಿ, ರಜೆ, ಟಿಕೆಟ್ಟು, ಮೂರನ್ನೂ ಅಂದೇ ರದ್ದು ಮಾಡಿದಳು.

ಅಪ್ಪ ಮರುಮಾತಾಡದೆ ವಾಕಿಂಗ್ ಹೋದರು. ಜನ್ಮದಲ್ಲಿ ಮೊದಲ ಬಾರಿಗೆ ಹೇಳಿದ ಮಾತು ಕೇಳಿದರು.

*

“ತೂಕದ ಸಾಹೇಬರೇನು ನೇರವಾಗಿ ಬರ್ತಿದ್ರು ಅಂದ್ಕೊಂಡ್ರಾ?” ಹೊರಗೆ ಕಿರಾಣಿ ಅಂಗಡಿಯ ಮುದುಕ ನಾಲ್ಕು ಜನರನ್ನು ಸುತ್ತ ಕೂರಿಸಿಕೊಂಡು ಹೇಳುತ್ತಿದ್ದ. “ಯಾರೋ ದಾರಿಹೋಕನ ಕೈಲಿ ಎರಡು ಕೆ.ಜಿ. ಸಕ್ಕರೆ ಕೊಳ್ಳಿಸೋರು. ತಾವು ಮೂಲೇಲಿ ಅಡಗಿ ನಿಂತು ಅದನ್ನ ತಮ್ಮ ತಕ್ಕಡೀಲಿ ತೂಗೋರು. ಇನ್ಸ್‌ಪೆಕ್ಟರ್ ಅಂತ ಗೊತ್ತಾದ್ರೆ ಕಳ್ಳನೂ ಸರಿಯಾಗೇ ತೂಗ್ತಾನಂತೆ! ನನ್ನ ಹತ್ರ ಮೂವತ್ತು ಗ್ರಾಂ ಕಮ್ಮಿ ಸಿಕ್ಕಿತ್ತು. ಎಂಥಾ ಬೈಗುಳ ಬೈದ್ರು ಗೊತ್ತಾ! ಆದ್ರೂ ಒಂದು ಕಾಫಿ ಕೂಡ ಮುಟ್ಟಲಿಲ್ಲ ನಮ್ಮಲ್ಲಿ.”

ಜನ ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ಡ್ರೈವರ್ ಮಾವ ಒಬ್ಬರೇ ನಗಲಿಲ್ಲ. ಎದ್ದು ಮಗಳ ಹಿಂದೆಯೇ ಬಂದರು.

“ಪುಟ್ಟಿ, ಹೊರಡೋ ಮುಂಚೆ ಹೇಳಲೇಬೇಕು.”

“ಮಾವ, ನನ್ನ ತಲೆ ಚಿಟ್ಟು ಹಿಡಿದಿದೆ. ವ್ಯಾನಿನವನು ದಾರಿ ತಪ್ಪಿ ಎಲ್ಲೋ ಸುತ್ತುತ್ತಿದಾನೆ. ನೀವು ಒಂದ್ಸಲ ಅವನಿಗೆ ದಾರಿ ಹೇಳ್ತೀರಾ?”

ಡ್ರೈವರ್ ಆದ ಮೇಲೆ ದಾರಿ ಹೇಳಲೇಬೇಕಲ್ಲ. ಅವರು ಫೋನು ಹಿಡಿದು ಮೆಟ್ಟಿಲಿಳಿದರು. ಅವಳು ಅಪ್ಪನ ತಲೆಯ ಬಳಿ ಕೂತಳು. ಬಂದವರೆಲ್ಲ ಅವಳ ಬೆನ್ನು ಸವರಿ, “ದೂರದಲ್ಲಿದ್ರೂ ಎಷ್ಟು ನೋಡ್ಕೊಂಡೆ,” ಎನ್ನುತ್ತಿದ್ದರು. ಹಾಗೆಂದಾಗಲೆಲ್ಲ ಅವಳಿಗೆ ಎದ್ದು ಹೋಗಿಬಿಡೋಣ ಎನಿಸುತ್ತಿತ್ತು. ನೋಡಿಕೊಂಡದ್ದು ಏನು? ರಕ್ತದಲ್ಲಿ ಕ್ಯಾನ್ಸರ್ ಇದ್ದ ಮನುಷ್ಯನನ್ನು ಆರು ವಾರ ದಿನಕ್ಕೊಂದು ಗಂಟೆ ನಡೆಸಿದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

*

ಆರು ವಾರವಾದ ಮೇಲೆ ಅಪ್ಪ ವಾಕಿಂಗಿನ ದಾರಿಯಲ್ಲೇ ಕುಸಿದುಬಿದ್ದಿದ್ದರು. ಅವಳು ಬಂದು ತಲುಪುವ ಹೊತ್ತಿಗೆ ಆಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆದು, ಮೂಳೆಯೊಳಗಿನ ಮಜ್ಜೆಯನ್ನೂ ತೆಗೆದು ನೋಡಿಯಾಗಿತ್ತು. ಡಾಕ್ಟರು ಹಳೆಯ ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, “ಆರು ವಾರದ ಹಿಂದೆ ಇಷ್ಟು ಚೆನ್ನಾಗಿರೋಕೆ ಸಾಧ್ಯವೇ ಇಲ್ಲವಲ್ಲ,” ಎಂದಿದ್ದರು. “ಆಗಲೇ ಬಂದಿದ್ರೆ?” ಎಂದು ಅವಳು ಕೇಳಿದ್ದಕ್ಕೆ, “ಹೇಳೋಕಾಗಲ್ಲಮ್ಮ,” ಎಂದಷ್ಟೇ ಹೇಳಿ ಕಿಟಕಿಯ ಕಡೆ ನೋಡಿದ್ದರು.

ಅಂದಿನಿಂದ ಅವಳು ಲ್ಯಾಬಿನವರ ಬೆನ್ನು ಬಿದ್ದಳು. ಕೆಲಸಕ್ಕೆ ಹಿಂದಿರುಗಿದ ಮೇಲೂ ವಾರಕ್ಕೆ ಎರಡು ಸಲ ಉಗ್ರಾಣದಿಂದ ಫೋನು. ಕೌಂಟರಿನ ಹುಡುಗಿ ಪ್ರತಿ ಸಲವೂ, “ನಮ್ಮ ಮೆಷಿನ್ ಸರಿಯಾಗಿದೆ ಮೇಡಂ,” ಎನ್ನುವಳು. ಅವಳು ಬಾಯಿಗೆ ಬಂದಂತೆ ಬೈಯುವಳು. ಇಷ್ಟರ ನಡುವೆ ಗಾಯದ ಮೇಲೆ ಬರೆ ಎಳೆದಂತೆ ಅಪ್ಪ ಆಸ್ಪತ್ರೆಯ ಹಾಸಿಗೆಯಿಂದ ಲ್ಯಾಬಿನ ಪರ ವಕಾಲತ್ತು ಬೇರೆ ವಹಿಸುತ್ತಿದ್ದರು.

“ಆ ಲ್ಯಾಬು ಪ್ರಾಮಾಣಿಕ ಕಣಮ್ಮ. ಪಾಪದವರನ್ನ ಬೈಬೇಡ.”

“ಆಸ್ಪತ್ರೆ ತಕ್ಕಡೀಲಿ ಇನ್ನೂರು ಗ್ರಾಂ ತಪ್ಪಿದ್ರೆ ನೋಟೀಸ್ ಕೊಡ್ತೀಯ. ನಿನ್ನ ಪ್ರಾಣಕ್ಕೇ ತಪ್ಪು ರಿಪೋರ್ಟ್ ಕೊಟ್ಟೋರು ಪ್ರಾಮಾಣಿಕರಾ?”

“ಹೂಂ. ನಾನು ಗ್ಯಾರಂಟಿ.”

ಸಿಟ್ಟಿಗೆ ಫೋನನ್ನು ಟವೆಲುಗಳ ರಾಶಿಗೆ ಎಸೆದಿದ್ದಳು. ಅಪ್ಪನೊಡನೆ ಆಡಿದ ಕೊನೆಕೊನೆಯ ಮಾತುಗಳೆಲ್ಲ ಹೀಗೆ ಜಗಳದವೇ.

*

ಡ್ರೈವರ್ ಮಾವ ಅವಳನ್ನು ಅಡುಗೆಮನೆಯಲ್ಲಿ ಹಿಡಿದರು. ಬಾಗಿಲು ಮುಂದೆ ಮಾಡಿ, ಸ್ಟೂಲಿನ ಮೇಲೆ ಕೂತು, ಜೇಬಿನಿಂದ ನಾಲ್ಕು ಮಡಿಕೆಯ ಕಾಗದವನ್ನು ತೆಗೆದುಕೊಟ್ಟರು. ಅದೇ ಲ್ಯಾಬು, ಅದೇ ತಾರೀಕು. ಹೆಸರು ಮಾತ್ರ ಡ್ರೈವರ್ ಮಾವನದು. ಬಿಳಿ ರಕ್ತಕಣದ ಸಂಖ್ಯೆಯ ಸುತ್ತ ಕೆಂಪು ಗೆರೆ, ಪಕ್ಕದಲ್ಲಿ ಕೈಬರಹ: ‘ಕೂಡಲೇ ಡಾಕ್ಟರನ್ನು ಕಾಣಿ.’

“ನಿಮಗೂ ಇದೇ ಕಾಯಿಲೆನಾ ಮಾವ?”

“ನಂದಲ್ಲಮ್ಮ ಅದು. ನಿಮ್ಮಪ್ಪನ ರಕ್ತ.”

ಅವಳಿಗೆ ಅರ್ಥವಾಗಲಿಲ್ಲ.

“ಅವನದೇ ಪ್ಲಾನು. ‘ನಾನು ಕಾಯಿಲೆಯವನು ಅಂತ ಗೊತ್ತಾದ್ರೆ ಲ್ಯಾಬಿನವರು ಇಲ್ಲದ ಕಾಯಿಲೆ ಬರೀತಾರೆ. ಅಂಗಡಿ ಪರೀಕ್ಷೆ ಮಾಡೋ ಹಾಗೆ ಮಾಡಬೇಕು. ನೀನು ಗಟ್ಟಿಮುಟ್ಟಾಗಿದೀಯ, ನನ್ನ ಹೆಸರಲ್ಲಿ ನಿನ್ನ ರಕ್ತ ಕೊಡು. ಅದರಲ್ಲಿ ಕಾಯಿಲೆ ಹುಟ್ಟಿಸಿದ್ರೆ ಲ್ಯಾಬು ಕಳ್ಳ,’ ಅಂದ. ಅವನು ನನ್ನ ಹೆಸರಲ್ಲಿ ಕೊಟ್ಟ. ಅವನ ಹುಚ್ಚಾಟ ಗೊತ್ತಲ್ಲ, ಹೂಂ ಅಂದೆ.”

“ಹೂಂ ಅಂದ್ರಾ?” ಅವಳ ದನಿ ಏರಿತು. “ಅರವತ್ತು ದಾಟಿದ ಇಬ್ಬರು ಗಂಡಸರು, ಹೂಂ ಅಂದ್ಕೊಂಡು ರಕ್ತ ಅದಲುಬದಲು ಮಾಡಿದ್ರಾ?”

“ಬೈಯಿ. ಬೈಸ್ಕೊಳ್ಳೋಕೇ ಬಂದಿದೀನಿ. ಈ ರಿಪೋರ್ಟ್ ನೋಡಿ ಅವನು ‘ಲ್ಯಾಬು ಪ್ರಾಮಾಣಿಕ’ ಅಂದ. ‘ಅಯ್ಯೋ, ಅದು ನಿನ್ನ ರಕ್ತ ಕಣೋ’ ಅಂದೆ. ‘ಗೊತ್ತು’ ಅಂದ. ನಿನಗೆ ಹೇಳೋಕೆ ಅಂತ ಫೋನ್ ತೆಗೆದ. ಅಷ್ಟರಲ್ಲಿ ನೀನೇ ಮಾಡಿದೆ. ಜೋರಾಗಿ ನಗ್ತಾ ಇದ್ದೆ. ನನಗೂ ಕೇಳಿಸ್ತು.”

ಅವಳು ಸ್ಟವಿನ ಕಟ್ಟೆಗೆ ಒರಗಿಕೊಂಡಳು.

“ಫೋನ್ ಇಟ್ಟ ಮೇಲೆ, ‘ಅವರಮ್ಮ ಹೋದ ಮೇಲೆ ಇವಳು ಹೀಗೆ ನಕ್ಕಿದ್ದೇ ಇಲ್ಲ ಕಣೋ, ಒಂದು ವಾರ ಬಿಡು’ ಅಂದ. ಮುಂದಿನ ವಾರ ಕೇಳಿದೆ. ‘ಇನ್ನೂ ಖುಷಿಯಾಗಿದಾಳೆ, ಇನ್ನೊಂದು ವಾರ’ ಅಂದ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ, ಇವತ್ತಲ್ಲ ನಾಳೆ ಗೊತ್ತಾಗುತ್ತೆ ಅಂತ ನಾನೂ ಬಡ್ಕೊಂಡೆ. ಬಾಯಿ ಬಿಟ್ರೆ ನನ್ನ ಮುಖ ನೋಡಲ್ಲ ಅಂದ.”

ಅವಳಿಗೆ ಮೊದಲು ಬಂದದ್ದು ನೆಮ್ಮದಿ. ಆ ರಿಪೋರ್ಟನ್ನು ತಾನು ತಪ್ಪಾಗಿ ಓದಿರಲಿಲ್ಲ. ಅದರ ಹಿಂದೆಯೇ ಬಂದ ಸಿಟ್ಟು ಎಷ್ಟಿತ್ತೆಂದರೆ, ಬಾಗಿಲು ದೂಡಿಕೊಂಡು ಹೊರಗೆ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಕೂತವರೆಲ್ಲ ಕೇಳುವಂತೆ ಕೂಗಿದಳು. “ನಾನು ನಕ್ಕಿದ್ದು ನಿನಗೋಸ್ಕರ ಅಪ್ಪಾ! ಅಳಬೇಕಾಗಿದ್ರೆ ಆಗಲೇ ಅಳ್ತಿರಲಿಲ್ವಾ? ಬಂದು ಪಕ್ಕದಲ್ಲಿ ಕೂತ್ಕೊಂಡು ಅಳ್ತಿದ್ದೆ. ಆರು ವಾರ ನಿನ್ನ ಜೊತೆಗಾದ್ರೂ ಇರ್ತಿದ್ದೆ!”

ಕಿರಾಣಿ ಅಂಗಡಿಯ ಮುದುಕ ಎದ್ದು ನಿಂತ. ಅತ್ತೆ, “ಅಳಲಿ ಬಿಡಿ, ಬೆಳಿಗ್ಗೆಯಿಂದ ಅತ್ತೇ ಇಲ್ಲ,” ಎಂದರು. ಅವಳು ಅತ್ತಳು. ಅಳುತ್ತಲೇ ಇನ್ನೂ ನಾಲ್ಕು ಬೈದಳು. ಅಪ್ಪ ಎಂದಿನಂತೆ ತಮ್ಮದೇ ಸರಿ ಎಂಬ ಮುಖದಲ್ಲಿ ಮಲಗಿದ್ದರು.

ಅವಳು ಅಡುಗೆಮನೆಗೆ ಮರಳಿದಾಗ ಡ್ರೈವರ್ ಮಾವ ಕೂತಲ್ಲೇ ಕೂತಿದ್ದರು. ಅವಳು ನಲ್ಲಿಯಲ್ಲಿ ಮುಖ ತೊಳೆದುಕೊಂಡು ಆ ಕಾಗದವನ್ನು ಮತ್ತೆ ಓದಿದಳು.

“ಲ್ಯಾಬಿನ ಪುಸ್ತಕದಲ್ಲಿ ಈ ಕಾಯಿಲೆ ಇವತ್ತಿಗೂ ನಿಮ್ಮ ಹೆಸರಲ್ಲೇ ಇದೆ, ಗೊತ್ತಾ? ಆಮೇಲೆ ನೀವು ನಿಮ್ಮ ಪರೀಕ್ಷೆ ಮಾಡಿಸಿದ್ರಾ?”

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ.”

“ಅಪ್ಪನೂ ಇದನ್ನೇ ಹೇಳ್ತಿದ್ದಿದ್ದು.”

ಅವಳು ಫೋನು ತೆಗೆದಳು. ಆ ನಂಬರು ಬಾಯಿಪಾಠವಾಗಿತ್ತು. ಆಚೆಯಿಂದ ಕೌಂಟರಿನ ಹುಡುಗಿ ದನಿ ಗುರುತಿಸಿ, “ಮೇಡಂ, ಮತ್ತೆ ನೀವಾ?” ಎಂದು ನಿಟ್ಟುಸಿರು ಬಿಟ್ಟಳು.

“ನಾನೇ. ನಿಮ್ಮ ಮೆಷಿನ್ ಸರಿಯಾಗೇ ಇತ್ತು. ತಪ್ಪು ನಮ್ಮ ಮನೆಯವರದು. ಅಷ್ಟೊಂದು ಬೈದೆ, ಮನಸ್ಸಲ್ಲಿ ಇಟ್ಕೋಬೇಡಿ.”

“ಪರವಾಗಿಲ್ಲ ಮೇಡಂ,” ಎಂದಳು ಹುಡುಗಿ.

“ನಾಳೆ ಬೆಳಿಗ್ಗೆ ಏಳಕ್ಕೆ ಒಬ್ಬರ ರಕ್ತ ತೆಗೀಬೇಕು. ಅವರದೇ ರಕ್ತ, ಅವರದೇ ಹೆಸರಲ್ಲಿ. ನಾನೇ ಪಕ್ಕದಲ್ಲಿ ನಿಂತಿರ್ತೀನಿ.”

ಹೊರಗೆ ಹಾರನ್ನು ಕೇಳಿಸಿತು. “ವ್ಯಾನು ಬಂತು, ಎಲ್ಲಿದೀರ?” ಎಂದು ಅತ್ತೆ ಕೂಗಿದರು.

ಡ್ರೈವರ್ ಮಾವ ಆಗಲೇ ಅಂಗಿಯ ಎಡತೋಳಿನ ಗುಂಡಿ ಬಿಚ್ಚಿ, ತೋಳನ್ನು ಮೊಣಕೈ ಮೇಲಿನವರೆಗೆ ಮಡಿಚಿ, ಕೈಯನ್ನು ಮುಂದೆ ಚಾಚಿ ಕೂತಿದ್ದರು. ಮುಖ ಗೋಡೆಯ ಕಡೆ ತಿರುಗಿತ್ತು.

“ನಾಳೆ ಮಾವ, ನಾಳೆ,” ಎಂದು ಅವಳು ತೋಳನ್ನು ಇಳಿಸಿ ಗುಂಡಿ ಹಾಕತೊಡಗಿದಳು. ಗುಂಡಿ ಕಾಜಾಕ್ಕೆ ಬೇಗ ಸಿಕ್ಕಲಿಲ್ಲ. ಹೊರಗೆ ಹಾರನ್ನು ಇನ್ನೊಮ್ಮೆ ಕೂಗಿತು.