ಕುಡಿಯದೆ ಇಟ್ಟ ಬಟ್ಟಲು

ಮೂವತ್ತು ವರ್ಷ ಹೊರದೇಶದವರಿಗೆ ಬುದ್ಧಿ ಹೇಳುವುದೇ ನನ್ನ ಕಸುಬಾಗಿತ್ತು. ಪೆಟ್ರಾದ ಕಲ್ಲು ನೋಡಲು ಹೊರಟವರ ಬಸ್ಸು ನಮ್ಮ ಮಆನ್ ಊರಿನಲ್ಲಿ ನಿಂತಾಗ ನಾನು ಮೈಕು ಹಿಡಿದು ಎದ್ದು ನಿಲ್ಲುತ್ತಿದ್ದೆ. ಹೆಂಗಸರು ತಾವಾಗಿ ಕೈ ನೀಡದ ಹೊರತು ನೀವು ಕೈ ಚಾಚಬೇಡಿ, ಎದೆಯ ಮೇಲೆ ಕೈಯಿಟ್ಟರೆ ಸಾಕು. ಯಾರ ಮನೆಯ ಬಾಗಿಲು ತಟ್ಟಿದರೂ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ನಿಲ್ಲಿ; ಒಳಗೆ ತಲೆಯ ಮೇಲೆ ಬಟ್ಟೆಯಿಲ್ಲದವರು ಇರಬಹುದು. ಕೂತಾಗ ಅಂಗಾಲು ಯಾರ ಮುಖಕ್ಕೂ ತೋರಬಾರದು. ಜಮಖಾನೆ ಚೆನ್ನಾಗಿದೆ ಎಂದು ಎರಡನೇ ಸಲ ಹೊಗಳಬೇಡಿ, ಸುತ್ತಿ ನಿಮ್ಮ ಹೆಗಲಿಗೇ ಹೊರಿಸಿಬಿಡುತ್ತಾರೆ. ಮಾತು ಇಲ್ಲಿಗೆ ಬಂದಾಗ ಎಲ್ಲರೂ ನಗುತ್ತಿದ್ದರು. ಎಲ್ಲಿ ನಗುತ್ತಾರೆಂದು ನನಗೆ ಗೊತ್ತಿತ್ತು, ಅಷ್ಟು ಸಲ ಹೇಳಿದ್ದೆ.

ಹೆಂಗಸರಿಗೆಂದು ಹೇಳುತ್ತಿದ್ದ ಮಾತುಗಳು ಮಾತ್ರ ನನ್ನವಲ್ಲ. ಅವು ನನ್ನ ನಾಲ್ಕನೆಯ ಮಗಳು ಖಿತಾಮಳವು. ಮೂರು ಹೆಣ್ಣಿನ ಮೇಲೆ ಅವಳೂ ಹೆಣ್ಣಾದಾಗ, ಇನ್ನು ಮುಗಿಯಿತು ಎಂಬ ಅರ್ಥದ ಆ ಹೆಸರನ್ನು ಇಟ್ಟವನು ನಾನೇ. ಮರುವರ್ಷ ಔದೆ ಹುಟ್ಟಿದ. ನಾಲ್ಕು ಹೆಣ್ಣುಮಕ್ಕಳ ತಂದೆಯಾದರೂ ಊರು ನನ್ನನ್ನು ಕರೆಯುವುದು ಅವನ ಹೆಸರು ಹಿಡಿದು, ಅಬು ಔದೆ, ಅಂದರೆ ಔದೆಯ ಅಪ್ಪ, ಎಂದು.

ಖಿತಾಮ್‌ಗೆ ಹದಿನೆಂಟಾಗುವ ಹೊತ್ತಿಗೆ ನನ್ನ ಭಾಷಣ ಅವಳಿಗೆ ಬಾಯಿಪಾಠವಾಗಿತ್ತು. ಒಂದು ದಿನ ರೊಟ್ಟಿಗೆ ಹಿಟ್ಟು ನಾದುತ್ತಲೇ ಶುರುಮಾಡಿದಳು.

"ಅಪ್ಪ, ನೀವು ಹೇಳೋದೆಲ್ಲ ಗಂಡಸರ ಕಣ್ಣಿಂದ. ಟ್ಯಾಕ್ಸೀಲಿ ಹೆಂಗಸು ಹಿಂದೆ ಕೂರಬೇಕು ಅಂತೀರಿ. ಡ್ರೈವರು ಕನ್ನಡೀಲಿ ನೋಡ್ತಾನೇ ಇದ್ರೆ ಏನ್ ಮಾಡ್ಬೇಕು?"

"ಏನ್ ಮಾಡ್ಬೇಕು, ನೀನೇ ಹೇಳು."

"ಸರಿಯಾಗಿ ಅವನ ಬೆನ್ನ ಹಿಂದಿನ ಸೀಟಲ್ಲಿ ಕೂತ್ರೆ ಅಷ್ಟು ಸುಲಭಕ್ಕೆ ಕಾಣಲ್ಲ. ಪೇಟೇಲಿ ಯಾವನಾದ್ರೂ ಹಿಂದೆ ಬಿದ್ರೆ ಕೂಗಾಡಬಾರದು. ವಯಸ್ಸಾದ ಹೆಂಗಸೊಬ್ಬಳ ಪಕ್ಕ ಹೋಗಿ ನಿಂತುಬಿಡಬೇಕು. ಅವಳು ನಿಮ್ಮನ್ನ ಮಗಳು ಮಾಡ್ಕೋತಾಳೆ, ಅವನು ಅಳಿಯ ಆಗೋಕೆ ಹೆದರಿ ಓಡ್ತಾನೆ."

ಮಾರನೆಯ ದಿನವೇ ಬಸ್ಸಿನಲ್ಲಿ ಹೇಳಿದೆ. ಹೆಂಗಸರು ಬರೆದುಕೊಂಡರು. ಯಾರ ಮಾತು ಎಂದು ನಾನು ಹೇಳಲಿಲ್ಲ.

ಆ ವರ್ಷ ಅಮ್ಮಾನಿನಲ್ಲಿ ಗೈಡುಗಳ ಪರೀಕ್ಷೆಗೆ ಅರ್ಜಿ ಕರೆದರು. ಖಿತಾಮ್ ಎಲ್ಲಿಂದಲೋ ಒಂದು ಫಾರಂ ತಂದಳು. ತಂದೆಯ ರುಜು ಬೇಕಿತ್ತು. ಮೊದಲ ಸಲ ಕೇಳಿದಾಗ "ನೋಡೋಣ" ಎಂದೆ. ಎರಡನೇ ಸಲ ತಲೆನೋವು ಎಂದೆ. ನಿಜ ಹೇಳಬೇಕೆಂದರೆ ನನಗೆ ನನ್ನ ಅಣ್ಣ ಖಲಫನ ಭಯ. ಮಗಳು ಪರಗಂಡಸರ ಬಸ್ಸು ಹತ್ತಿ ಮೈಕು ಹಿಡಿದಳು ಎಂದರೆ ಅವನು ಮಸೀದಿಯ ಮೆಟ್ಟಿಲ ಮೇಲೆ ನನ್ನನ್ನು ಮಾತನಾಡಿಸುತ್ತಿರಲಿಲ್ಲ. ಅಣ್ಣ ಒಂದು ಮಾತು ಕೇಳಿಯೂ ಇರಲಿಲ್ಲ. ಕೇಳುವ ಮೊದಲೇ ನಾನು ಬೆವರಿದ್ದೆ.

ಫಾರಂ ಕೊಡಲು ಗುರುವಾರ ಕಡೆಯ ದಿನ. ಮಂಗಳವಾರ ಮಧ್ಯಾಹ್ನ ಹನ್ನೆರಡು ಜನ ಪ್ರವಾಸಿಗರನ್ನು ಮನೆಗೆ ಕಾಫಿಗೆ ಕರೆತಂದೆ. ಅಣ್ಣನೂ ಬಂದು ಗೋಡೆಗೊರಗಿ ಜಪಮಣಿ ಎಣಿಸುತ್ತಾ ಕೂತಿದ್ದ. ಮನೆಗೆ ಬಂದ ಹೊರಗಿನವರಿಗೆ ಖಿತಾಮ್ ಕಾಫಿ ಕೊಡುವುದು ವಾಡಿಕೆಯಾಗಿತ್ತು, ಅಣ್ಣ ಅಷ್ಟನ್ನು ಸಹಿಸಿಕೊಂಡಿದ್ದ. ಅವಳು ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲುಗಳನ್ನು ಹಿಡಿದು ಎಲ್ಲರಿಗೂ ಬಗ್ಗಿಸಿ ಕೊಟ್ಟಳು. ನಾನು ಬಟ್ಟಲಿನ ಪಾಠ ಶುರುಮಾಡಿದೆ. ಮೂರರ ಮೇಲೆ ಕುಡಿಯಬಾರದು. ಸಾಕು ಎನಿಸಿದರೆ ಬಾಯಲ್ಲಿ ಹೇಳಬೇಕಿಲ್ಲ, ಖಾಲಿ ಬಟ್ಟಲನ್ನು ಹೀಗೆ ಎರಡು ಸಲ ಅಲ್ಲಾಡಿಸಿ ಹಿಂದಕ್ಕೆ ಕೊಡಿ.

"ಕಡೆಯ ಮಾತು, ಇದು ದೊಡ್ಡದು," ಎಂದೆ. "ಬಂದವನು ಬಟ್ಟಲನ್ನ ಕುಡಿಯದೆ ಮುಂದಿಟ್ಟುಕೊಂಡ ಅಂದ್ರೆ, ಅವನು ಏನೋ ಬೇಡೋಕೆ ಬಂದಿದ್ದಾನೆ ಅಂತ. ಹೆಣ್ಣು ಕೇಳೋಕೆ, ಕೊಲೆಗೆ ಕ್ಷಮೆ ಕೇಳೋಕೆ, ಏನಾದ್ರೂ ಆಗಬಹುದು. ಆಗ ಮನೆಯವನು ಹೇಳ್ಬೇಕು: 'ಕುಡಿ, ನೀನು ಕೇಳಿದ್ದು ನಿನ್ನದು.' ಆಮೇಲೇ ಅವನು ಕುಡಿಯೋದು."

ಮಾರ್ಲೇನ್ ಎಂಬ ಬೆಲ್ಜಿಯಂನ ಮುದುಕಿ ಕನ್ನಡಕದ ಮೇಲಿಂದ ನೋಡಿ ಕೇಳಿದಳು. "ಕೊಡೋಕೆ ಮನಸ್ಸಿಲ್ಲದಿದ್ರೆ?"

"ನಮ್ಮೂರಲ್ಲಿ ತಣ್ಣಗಾದ ಬಟ್ಟಲು ನಾನು ನೋಡೇ ಇಲ್ಲಮ್ಮ," ಎಂದು ಮೀಸೆ ತಿರುವಿದೆ.

ಹೂಜಿ ಕೆಳಗಿಟ್ಟು ಖಿತಾಮ್ ನನ್ನ ಎದುರಿಗೆ ಕೂತಳು. ತನಗೊಂದು ಬಟ್ಟಲು ಬಗ್ಗಿಸಿಕೊಂಡಳು. ತುಟಿಗೆ ತಾಕಿಸದೆ ಜಮಖಾನೆಯ ಮೇಲೆ, ನನ್ನ ಮೊಣಕಾಲಿನ ಮುಂದೆ ಇಟ್ಟಳು. ತಲೆ ತಗ್ಗಿಸಲಿಲ್ಲ, ನನ್ನನ್ನೇ ನೋಡಿದಳು. ಅಣ್ಣನ ಜಪಮಣಿಯ ಸದ್ದು ನಿಂತಿತು.

ಅವಳಿಗೆ ಏನು ಬೇಕೆಂದು ನನಗೆ ಗೊತ್ತಿತ್ತು. ಹೊರಗಿನವರ ಮುಂದೆ, ದೊಡ್ಡಪ್ಪನ ಮುಂದೆ ಅಪ್ಪ ಈ ಪದ್ಧತಿ ಮುರಿಯಲಾರ ಎಂದು ಹುಡುಗಿ ನನ್ನನ್ನು ನಂಬಿದ್ದಳು.

ನಾನು ನಕ್ಕೆ. "ಇದು ಗಂಡಸರ ಪದ್ಧತಿ ಕಣೇ. ಕುಡಿ, ಕಾಫಿ ಆರ್ತದೆ," ಎಂದೆ. ಆಮೇಲೆ ಅತಿಥಿಗಳ ಕಡೆ ತಿರುಗಿ ಅವರ ಭಾಷೆಯಲ್ಲಿ, ಹೇಗೆ ಮಾಡುವುದೆಂದು ನನ್ನ ಮಗಳು ನಿಮಗೆ ಮಾಡಿ ತೋರಿಸುತ್ತಿದ್ದಾಳೆ ಎಂದೆ.

ಖಿತಾಮ್‌ಗೆ ಆ ಭಾಷೆ ಬರುತ್ತಿತ್ತು. ಬಟ್ಟಲನ್ನು ಎತ್ತಿ ಒಂದೇ ಗುಟುಕಿಗೆ ಕುಡಿದಳು. ಎರಡು ಸಲ ಅಲ್ಲಾಡಿಸಿ ನನ್ನ ಕೈಗೆ ಕೊಟ್ಟಳು. ಎಷ್ಟು ಚೆನ್ನಾಗಿ ಮಾಡಿದಳೆಂದು ಹೊರದೇಶದವರು ಚಪ್ಪಾಳೆ ತಟ್ಟಿದರು. ಮಾರ್ಲೇನ್ ಒಬ್ಬಳೇ ತಟ್ಟಲಿಲ್ಲ. ಅಣ್ಣನ ಮಣಿಗಳು ಮತ್ತೆ ಸದ್ದು ಮಾಡತೊಡಗಿದವು.

ಬಸ್ಸು ಹೋದ ಮೇಲೆ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ಊರಿಗೆ ಉಪಕಾರಿ, ಮನೆಗೆ ಮಾರಿ. ನಿಮ್ಮ ನಾಲಿಗೆಗೆ ಮೂಳೆ ಇಲ್ವಾ?"

"ಅಣ್ಣ ಇದ್ದ," ಎಂದೆ.

"ನಿಮ್ಮಣ್ಣ ಏನಂದ್ರು ಗೊತ್ತಾ ಚಪ್ಪಲಿ ಮೆಟ್ಟುವಾಗ? 'ಬಟ್ಟಲು ಇಟ್ಟ ಮೇಲೆ ಕೊಡಬೇಕಿತ್ತು, ಹುಡುಗಿ ಆದ್ರೇನು' ಅಂದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬುಧವಾರ ಬೆಳಿಗ್ಗೆ ನಾನೇ ಫಾರಂ ಹುಡುಕಿದೆ. ಅವಳು ಅದನ್ನು ಆಗಲೇ ಒಲೆಗೆ ಹಾಕಿದ್ದಳು. ಗುರುವಾರ ಅವಳನ್ನು ಅಮ್ಮಾನಿಗೆ ಕರೆದೊಯ್ದು ಇನ್ನೊಂದನ್ನು ಅಲ್ಲೇ ತುಂಬಿ ಕೊಡಬಹುದಿತ್ತು. ಒಂದು ದಿನ ಇತ್ತು. ನಾನು ಹೋಗಲಿಲ್ಲ, ನಾಚಿಕೆಯಾಯಿತು, ಅಷ್ಟೇ ಕಾರಣ.

ಅವಳು ಮುನಿಸಿಕೊಂಡಳೆಂದು ಯಾರೂ ಹೇಳಲಾರರು. ಮಾತು ಬಿಡಲಿಲ್ಲ. ಓದಿ ಟೀಚರ್ ಆದಳು. ತಫೀಲಾ ಊರಿನ ಒಬ್ಬ ಒಳ್ಳೆಯ ಹುಡುಗನನ್ನು ಮದುವೆಯಾದಳು, ಅವನಿಗೆ ಅಲ್ಲಿ ಔಷಧದ ಅಂಗಡಿ. ಹಬ್ಬಕ್ಕೆ ತಪ್ಪದೆ ಬಂದು ನನ್ನ ಹಣೆಗೆ ಮುತ್ತಿಟ್ಟು ಹೋಗುತ್ತಾಳೆ. ಆದರೆ ಆ ಮಂಗಳವಾರದ ನಂತರ ಅವಳು ನನ್ನಿಂದ ಏನನ್ನೂ ಕೇಳಲಿಲ್ಲ. ಪೇಟೆಗೆ ಹೊರಟು ಏನು ತರಲಿ ಎಂದರೆ "ಏನೂ ಬೇಡಪ್ಪ." ಮದುವೆಯ ಬಟ್ಟೆ ಯಾವುದು ಎಂದರೆ "ನಿಮಗೆ ಸರಿ ಕಂಡದ್ದು." ಉಳಿದ ಮಕ್ಕಳು ನನ್ನನ್ನು ಪೀಡಿಸಿ ಸುಲಿದು ತಿಂದರು, ಅವರನ್ನು ಬೈಯುತ್ತಾ ಒಳಗೊಳಗೇ ಸುಖಪಟ್ಟಿದ್ದೇನೆ. ಇವಳ "ಏನೂ ಬೇಡ" ನನ್ನನ್ನು ಇಪ್ಪತ್ತಮೂರು ವರ್ಷ ಸುಟ್ಟಿದೆ.

ಹೋದ ವಸಂತದಲ್ಲಿ ಪೆಟ್ರಾ ರಸ್ತೆಯ ಚಹಾದಂಗಡಿಯಲ್ಲಿ ಕೂತಿದ್ದೆ. ಬಸ್ಸೊಂದು ಬಂದು ನಿಂತಿತು. ಇಪ್ಪತ್ತೈದರ ಒಬ್ಬ ಹುಡುಗಿ, ತಲೆಗೆ ನೀಲಿ ವಸ್ತ್ರ, ಕೊರಳಲ್ಲಿ ಗೈಡಿನ ಬಿಲ್ಲೆ, ಬಸ್ಸಿನಿಂದಿಳಿದ ಹೆಂಗಸರಿಗೆ ಹೇಳುತ್ತಿದ್ದಳು: ಯಾರಾದರೂ ಹಿಂದೆ ಬಿದ್ದರೆ ವಯಸ್ಸಾದ ಹೆಂಗಸಿನ ಪಕ್ಕ ನಿಂತುಬಿಡಿ, ಅವಳು ನಿಮ್ಮನ್ನು ಮಗಳು ಮಾಡಿಕೊಳ್ಳುತ್ತಾಳೆ, ಅವನು ಅಳಿಯನಾಗಲು ಹೆದರಿ ಓಡುತ್ತಾನೆ. ಎಲ್ಲರೂ ನಕ್ಕರು, ಸರಿಯಾಗಿ ನನ್ನ ಬಸ್ಸಿನವರು ನಗುತ್ತಿದ್ದ ಅದೇ ಮಾತಿಗೆ.

ನಾನು ಎದ್ದು ಹೋಗಿ ಕೇಳಿದೆ. "ಇದನ್ನ ಯಾರು ಹೇಳಿಕೊಟ್ರು ಮಗಳೇ?"

"ಎಲ್ಲಾ ಗೈಡುಗಳೂ ಇದನ್ನೇ ಹೇಳೋದು ಅಜ್ಜ. ಯಾರೋ ಹಳಬರು ಶುರು ಮಾಡಿದ್ದಂತೆ, ಗಂಡಸರೇ ಇರ್ಬೇಕು. ಆಗ ಹೆಂಗಸರು ಎಲ್ಲಿದ್ರು ಈ ಕೆಲಸದಲ್ಲಿ?"

ಅವಳಿಂದಲೇ ವಿಚಾರಿಸಿಕೊಂಡೆ: ಪರೀಕ್ಷೆಗೆ ವಯಸ್ಸಿನ ಮಿತಿ ಇಲ್ಲವಂತೆ, ಯಾರ ರುಜುವೂ ಬೇಡವಂತೆ. ಮಾರನೆಯ ವಾರ ಫಾರಂ ತರಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡು ತಫೀಲಾದ ಬಸ್ಸು ಹತ್ತಿದೆ.

ಖಿತಾಮ್ ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯ ನಡುವೆ ಕೂತಿದ್ದಳು. ಎದ್ದು ಕಾಫಿ ಮಾಡಿ ತಂದು ಬಗ್ಗಿಸಿ ಕೊಟ್ಟಳು. ನಾನು ಬಟ್ಟಲನ್ನು ತುಟಿಗೆ ತಾಕಿಸದೆ ಜಮಖಾನೆಯ ಮೇಲೆ ಅವಳ ಮುಂದಿಟ್ಟೆ.

ಅವಳು ಕೆಂಪು ಪೆನ್ನು ಕೆಳಗಿಟ್ಟಳು. "ಗಂಡಸರು ಗಂಡಸರ ಮುಂದೆ ಇಡೋದಲ್ವಾ ಅಪ್ಪ ಇದು?"

"ಯಾರು ಯಾರ ಮುಂದೆ ಇಟ್ಟರೂ ನಡೀತದೆ," ಎಂದೆ. "ಆವತ್ತೂ ನಡೀತಿತ್ತು. ನಾನು ತಪ್ಪು ಮಾಡ್ದೆ." ಫಾರಂ ತೆಗೆದು ಬಟ್ಟಲಿನ ಪಕ್ಕದಲ್ಲಿಟ್ಟೆ. "ಪರೀಕ್ಷೆ ಬರಿ. ಅಮ್ಮಾನಿಗೆ ನಾನೇ ಕರ್ಕೊಂಡು ಹೋಗ್ತೀನಿ. ಅದು ನನ್ನ ಬೇಡಿಕೆ."

ಅವಳು ಫಾರಂ ಪೂರ್ತಿ ಓದಿದಳು, ಹಿಂದುಮುಂದು ತಿರುಗಿಸಿ. ಮಡಿಚಿ ನನ್ನ ಕಡೆ ಸರಿಸಿದಳು.

"ನಂಗೀಗ ನಲವತ್ತೊಂದು. ದಿನಕ್ಕೆ ಆರು ಪಾಠ ನಿಂತು ಮಾಡಿ ಮೊಣಕಾಲು ಹಿಡ್ಕೊಂಡಿದೆ. ಆ ಕಲ್ಲೆಲ್ಲ ಯಾರು ಹತ್ತಿ ಇಳೀತಾರೆ?" ನಕ್ಕಳು. ಸಿಟ್ಟಿನ ನಗುವಲ್ಲ. ಸಿಟ್ಟಿದ್ದಿದ್ದರೆ ನಾನು ಅವಳ ಕಾಲು ಹಿಡಿಯುತ್ತಿದ್ದೆ, ಅದಕ್ಕೂ ದಾರಿ ಬಿಡಲಿಲ್ಲ. "ಆಗ ಬೇಕಿತ್ತಪ್ಪ. ತುಂಬಾ ಬೇಕಿತ್ತು."

ಮತ್ತೆ ಪೆನ್ನು ಕೈಗೆತ್ತಿಕೊಂಡಳು. "ಕುಡೀರಿ, ಕಾಫಿ ಆರ್ತದೆ."

ಉಳಿದ ಅರ್ಧ ಮಾತಿಗಾಗಿ ಕಾದೆ. ನೀವು ಕೇಳಿದ್ದು ನಿಮ್ಮದು, ಅಷ್ಟೇ. ಅವಳು ಒಂದು ಉತ್ತರಪತ್ರಿಕೆ ಮುಗಿಸಿದಳು, ಇನ್ನೊಂದನ್ನು ಎತ್ತಿಕೊಂಡಳು. ಆ ಮಾತು ಬರಲಿಲ್ಲ.

ಬಟ್ಟಲನ್ನು ಎತ್ತಿ ಕುಡಿದೆ. ತಣ್ಣಗಾಗಿತ್ತು. ಎರಡು ಸಲ ಅಲ್ಲಾಡಿಸಿ ಅವಳ ಕೈಗೆ ಕೊಟ್ಟೆ. ಚಪ್ಪಾಳೆ ತಟ್ಟಲು ಅಲ್ಲಿ ಯಾರೂ ಇರಲಿಲ್ಲ.